ಏಳಕ್ಕೊಂದು ಗಾಳೆವ್ವನ ಪಾಲು

ಹೊಳೆಗೆ ಸೇತುವೆ ಅನ್ನುವುದೇ ಇಲ್ಲದ ಕಾಲ. ತುಂಗಭದ್ರೆಯ ದಂಡೆಯ ಒಂದೂರಿನಲ್ಲಿ ಗಾಳೆವ್ವ ಎಂಬ ಮೇದಾರ ಹೆಂಗಸಿದ್ದಳಂತೆ. ಅವಳು ಹೆಣೆದ ಬುಟ್ಟಿಯಲ್ಲಿ ನೀರು ತರಬಹುದಿತ್ತು ಅಂತಾರೆ. ಅವಳು ಬಯ್ದರೆ ಬಿದಿರು ತಾನೇ ಬಾಗುತ್ತಿತ್ತು ಅಂತಲೂ ಅಂತಾರೆ.

ಆ ಊರಿನ ಹರಿಗೋಲಿಗೆ ಒಂದು ಐಬಿತ್ತು. ಬುಟ್ಟಿಯಂಥ ಆ ದುಂಡು ದೋಣಿಯ ಬಾಯಿಗೆ ಬಿಗಿಯುವ ಬಿದಿರಿನ ಬಳೆ ಎಂದೂ ಪೂರ್ತಿ ಸುತ್ತಿ ಬರುತ್ತಿರಲಿಲ್ಲ. ತುದಿಗೂ ತುದಿಗೂ ನಡುವೆ ಮೊಳದಷ್ಟು ಸಂದು. ಅಲ್ಲಿ ಅಂಚು ತಗ್ಗಿ, ಕೂತವರ ಮಡಿಲಿಗೇ ಹೊಳೆ ನುಗ್ಗುತ್ತಿತ್ತು. ಹೊಸ ಅಳಿಯಂದಿರನ್ನು ಬೇಕೆಂದೇ ಅಲ್ಲಿ ಕೂರಿಸಿ ನಗುವುದು ಊರಿನ ರೂಢಿ.

ಗಾಳೆವ್ವನ ಅಳಿಯ ಯಂಕೋಬನಿಗೆ ಆ ನಗು ಹಿಡಿಸಲಿಲ್ಲ. ಹೆಂಡತಿ ಕೆಂಚವ್ವನನ್ನು ಕರೆದೊಯ್ಯಲು ಬಂದವನು ತಲೆಗೆ ಸುತ್ತಿದ ಹೊಸ ಪಟಗಾ ಸಮೇತ ತೊಯ್ದು ತೊಪ್ಪೆಯಾದ. ಹೇಗೂ ತೊಯ್ದಾಗಿದೆ ಎಂದು ಈಜಿಕೊಂಡೇ ಆಚೆ ದಂಡೆಗೆ ಮರಳಿಬಿಟ್ಟ! ಒಣಬಟ್ಟೆಯಲ್ಲಿ ದಾಟಿಸುವ ಹರಿಗೋಲು ಇದ್ದರಷ್ಟೇ ಬರುತ್ತೇನೆ ಎಂದು ಹೇಳಿ ಕಳಿಸಿದ. ಕೆಂಚವ್ವ ದಿನವೂ ಕೊಡ ಹಿಡಿದು ದಂಡೆಗೆ ಹೋಗುವಳು. ಆಚೆಗೆ ನೋಡುತ್ತಾ ನಿಂತರೆ ಕೊಡ ತುಂಬಿ ಚೆಲ್ಲಿದರೂ ಅವಳಿಗೆ ತಿಳಿಯುತ್ತಿರಲಿಲ್ಲ.

ಮಗಳ ಮುಖ ನೋಡಲಾರದೆ ಗಾಳೆವ್ವ ಹರಿಗೋಲು ಕಟ್ಟುವ ಕೇತಪ್ಪನ ಬಳಿ ಹೋಗಿ, ಬಳೆಗೆ ಬಿದಿರು ಎಷ್ಟುದ್ದ ಕಡಿಯುತ್ತೀ ಎಂದು ಕೇಳಿದಳು.

“ಅಗಲದ ಮೂರು ಪಟ್ಟು, ಮ್ಯಾಲೊಂದು ಬೆರಳು. ಮುತ್ತಜ್ಜನ ಲೆಕ್ಕ ಇದು. ಬಿದಿರು ಕುಗ್ಗಿದ್ರ ನಾ ಏನ್ ಮಾಡ್ಲಿ ಯವ್ವಾ?” ಅಂದ ಕೇತಪ್ಪ.

“ನನ್ನ ಬುಟ್ಟಿ ಬಿದಿರು ಯಾಕ ಕುಗ್ಗಂಗಿಲ್ಲೋ ಅಣ್ಣಾ?”

“ನಿನ್ನ ಬಾಯಿಗೆ ಹೆದರಿರಬೇಕು!”

ಗಾಳೆವ್ವ ನಗಲಿಲ್ಲ. ಬುಟ್ಟಿಯ ತೆಳು ಬಿದಿರು ಸೀಳನ್ನಾದರೆ ಸುತ್ತಿ ನೋಡಿ ಕತ್ತರಿಸಬಹುದು. ಹರಿಗೋಲಿನ ದಪ್ಪ ಬಿದಿರನ್ನು ಮೊದಲೇ ಅಳೆದು ಕಡಿಯಬೇಕು. ತಪ್ಪಿದ್ದರೆ ಅಳತೆಯಲ್ಲೇ ಇರಬೇಕು ಅನ್ನಿಸಿತು. ಮನೆಗೆ ಬಂದವಳೇ ಏಳು ಬೆರಳು ಅಗಲದ ಪುಟ್ಟ ಬುಟ್ಟಿಯ ಸುತ್ತಳತೆ ತೆಗೆದಳು. ಮೂರು ಪಟ್ಟು, ಮೇಲೊಂದು ಬೆರಳು. ಮುತ್ತಜ್ಜನ ಮಾತು ಸರಿಯಾಗಿಯೇ ಇತ್ತು. ಆಮೇಲೆ ಏಳು ಗೇಣು ಅಗಲದ ಹೊಟ್ಟಿನ ಬುಟ್ಟಿ ಅಳೆದಳು. ಒಂದು ಬೆರಳು ಎಲ್ಲಿ ಸಾಕು? ಪೂರಾ ಒಂದು ಗೇಣೇ ಬೇಕಾಯಿತು!

“ಬುಟ್ಟಿ ಬೆಳೆದ್ರ ಮ್ಯಾಲಿಂದೂ ಬೆಳೀಬೇಕಲ್ಲ! ಏಳು ಬೆರಳಿಗೆ ಒಂದು ಬೆರಳು, ಏಳು ಗೇಣಿಗೆ ಒಂದು ಗೇಣು. ಏಳು ಮೊಳದ ಹರಿಗೋಲಿಗೆ ಒಂದು ಬೆರಳು ಹಾಕಿದ್ರ ಹ್ಯಾಂಗ ಸಾಕಾಗ್ತೈತಿ?” ಎಂದು ಒಬ್ಬಳೇ ನಕ್ಕಳು. ಆ ನಗು ಆಚೆ ದಂಡೆಗೂ ಕೇಳಿಸಿತು ಅಂತಾರೆ.

ಮರುದಿನ ಮೂರು ಪಟ್ಟಿನ ಮೇಲೆ ಪೂರ್ತಿ ಒಂದು ಮೊಳ ಸೇರಿಸಿ ಬಿದಿರು ಕಡಿಸಿದಳು. “ಉಳಿದದ್ದರಾಗ ಅಳಿಯಗ ಬಡಿಗಿ ಮಾಡ್ತೀಯೇನು?” ಎಂದು ಕೇತಪ್ಪ ಕೆಣಕಿದ. ಬಾಗಿಸಿ ತಂದರೆ ತುದಿಗೆ ತುದಿ ಕೂಡಿತು. ಇರುವೆ ನುಸುಳಲೂ ಸಂದಿರಲಿಲ್ಲ ಅಂತಾರೆ. ಕೇತಪ್ಪ ಚರ್ಮ ಹೊದಿಸಲು ತಾನೇ ಮುಂದಾದ.

ಗಾಳೆವ್ವ ತಾನೇ ಹುಟ್ಟು ಹಾಕಿ ಯಂಕೋಬನನ್ನು ಕರೆತಂದಳು. ದಂಡೆಯಲ್ಲಿ ಇಳಿದವನು ಧೋತರ ಮುಟ್ಟಿ ನೋಡಿದ, ಪಟಗಾ ಮುಟ್ಟಿ ನೋಡಿದ. ಒಂದು ಹನಿಯೂ ಇಲ್ಲ. ಅವನು ಮೀಸೆ ತಿರುವುವಷ್ಟರಲ್ಲಿ, ಕಾದು ನಿಂತಿದ್ದ ಕೆಂಚವ್ವ ತುಂಬಿದ ಕೊಡವನ್ನು ಅವನ ತಲೆಯ ಮೇಲೆ ಸುರಿದಳು.

“ಇಷ್ಟು ದಿನ ಕಾಯಿಸಿದ್ದಕ್ಕ!”

ಈ ಸಲ ಎಲ್ಲರಿಗಿಂತ ಮೊದಲು ನಕ್ಕವನು ಯಂಕೋಬನೇ ಅಂತಾರೆ.

ಇಂದಿಗೂ ಆ ದಂಡೆಯವರು ಬುಟ್ಟಿಯಾಗಲಿ, ಬಾವಿಕಟ್ಟೆಯಾಗಲಿ, ದುಂಡಗಿನದು ಏನೇ ಕಟ್ಟಿದರೂ ಅಗಲದ ಮೂರು ಪಟ್ಟು ಅಳೆದು, ಏಳಕ್ಕೊಂದರಂತೆ ಗಾಳೆವ್ವನ ಪಾಲು ಸೇರಿಸುತ್ತಾರೆ. ಹೊಸ ಅಳಿಯ ಹರಿಗೋಲಿನಿಂದ ಒಣಬಟ್ಟೆಯಲ್ಲಿ ಇಳಿಯುವಾಗ, ದಂಡೆಯಲ್ಲಿ ಹೆಂಡತಿ ತುಂಬಿದ ಕೊಡ ಹಿಡಿದು ನಿಂತಿರುತ್ತಾಳೆ.