ಹೊಂಗಲಪುರದ ಕಾಯುವ ಕೋಣೆ

ಹೊಂಗಲಪುರದಲ್ಲಿ ಡಂಗುರ ಸಾರುವುದು ನಿಂತು ಹೋಗಿ, ರಾಣಿ ಮಾಳಲದೇವಿಯ ಅಪ್ಪಣೆ ಎಲ್ಲರ ಮೊಬೈಲಿಗೂ ಒಟ್ಟಿಗೇ ಬರುತ್ತಿತ್ತು. "ನಮ್ಮ ಮೂರು ಒಗಟು ಬಿಡಿಸಿದವರಿಗೆ ಅರಮನೆ ಬಾಗಿಲ ಪಕ್ಕದ ಮಳಿಗೆ. ತಪ್ಪು ಹೇಳಿದವರಿಗೆ ಕಾಯುವ ಕೋಣೆ."

ತಲೆ ಕಡಿಸುವುದನ್ನು ರಾಣಿ ಎಂದೋ ಬಿಟ್ಟಿದ್ದಳು. ಕಾಯುವ ಕೋಣೆಯಲ್ಲಿ ಫೋನನ್ನು ಕಿವಿಗೆ ಹಿಡಿದು ಕೂರಬೇಕು. ಆ ಕಡೆಯಿಂದ ಮನುಷ್ಯರೊಬ್ಬರು ಮಾತಾಡಿದ ದಿನ ಬಿಡುಗಡೆ. "ನಿಮ್ಮ ಕರೆ ನಮಗೆ ಅಮೂಲ್ಯ" ಎಂಬ ರಾಗ ಕೇಳಿದವರುಂಟು, ಹೊರಗೆ ಬಂದವರಿಲ್ಲ.

ಹೂ ಮಾರುವ ಚಿಕ್ಕೀರನಿಗೆ ಆ ಮಳಿಗೆ ಬೇಕೇ ಬೇಕಿತ್ತು. ಪೇಟೆಯ ಹೊಸ ಆ್ಯಪು ಅವನಿಗೂ ಅವನ ಅಣ್ಣ ದೊಡ್ಡೀರನಿಗೂ ಹೂ ಮಾರಲು ಗೊತ್ತುಮಾಡಿದ ಜಾಗ ಕೆರೆಯ ನಟ್ಟನಡುವೆ ಇತ್ತು. ದೂರು ಕೊಟ್ಟರೆ, "ಜಾಗದಲ್ಲಿ ನಿಂತು ಫೋಟೋ ಕಳಿಸಿ" ಎಂದಿತು. ಅಣ್ಣತಮ್ಮಂದಿರು ಹೂಬುಟ್ಟಿ ಹೊತ್ತು ಸಭೆಗೆ ಹೋದರು.

ರಾಣಿ ಶುರುಮಾಡಿದಳು. "ಒಬ್ಬಳಿದ್ದಾಳೆ. ಒಂದು ಹೆಜ್ಜೆ ನಡೆದವಳಲ್ಲ, ಊರ ಓಣಿಯೆಲ್ಲ ಬಲ್ಲೆನೆನ್ನುತ್ತಾಳೆ. ನಂಬಿದವರನ್ನು ಗೋಡೆಯ ಮುಂದೆ ನಿಲ್ಲಿಸಿಯೂ ಅವಳ ದನಿಯಲ್ಲಿ ನಾಚಿಕೆಯಿಲ್ಲ. ಯಾರವಳು?"

ಆಸ್ಥಾನ ಪಂಡಿತ ಎದ್ದ. "ಮಾಯೆ, ಮಹಾರಾಣಿ."

"ಮಾಯೆ ನನ್ನ ಸಾರೋಟನ್ನು ಚರಂಡಿಗೆ ಇಳಿಸಿಲ್ಲ, ಪಂಡಿತರೇ." ಭಟರು ಅವನನ್ನು ಕೋಣೆಗೆ ಒಯ್ದರು.

"ಮೊಬೈಲಲ್ಲಿ ದಾರಿ ಹೇಳೋ ಹೆಂಗಸು, ತಾಯಿ," ಎಂದ ಚಿಕ್ಕೀರ. "ನಮ್ಮನ್ನೂ ಒಂದ್ಸಲ ಸ್ಮಶಾನಕ್ಕೆ ತಲುಪಿಸಿದ್ಲು. ಮದುವೆ ಹೂವು ತಗೊಂಡು ಹೊರಟಿದ್ವಿ."

ರಾಣಿ ತಲೆಯಾಡಿಸಿದಳು. "ಎರಡನೆಯದು. ಗುಟ್ಟು, ಯಾರಿಗೂ ಹೇಳಬೇಡ ಅನ್ನುತ್ತಲೇ ಹುಟ್ಟುತ್ತದೆ. ಬಾಗಿಲಲ್ಲಿ ನಿಂತ ಗುರುತಿಲ್ಲದವನಿಗೆ ಅದನ್ನು ಹೇಳದಿದ್ದರೆ ಊಟವಿಲ್ಲ. ತಡಮಾಡಿದರೆ ಸತ್ತೇಹೋಗುತ್ತದೆ."

ದಂಡನಾಯಕನ ಮಗ ಮೀಸೆ ತಿರುವಿದ. "ಗುರುಮಂತ್ರ."

"ಗುರುಮಂತ್ರ ಹೇಳಿ ಯಾರ ಕೈಯಿಂದ ಬಿರಿಯಾನಿ ಇಸಿದುಕೊಂಡೆಯಪ್ಪ?" ಅವನೂ ಹೋದ.

"ಒಟಿಪಿ," ಎಂದ ಚಿಕ್ಕೀರ. ಸಭೆಯಲ್ಲಿ ಕೆಲವರು ತಮ್ಮ ಮೊಬೈಲು ತಡವಿ ನೋಡಿಕೊಂಡರು.

"ಕೊನೆಯದು. ಯಂತ್ರ ತೂಗುತ್ತದೆ, ಎಣಿಸುತ್ತದೆ, ಪದ್ಯವನ್ನೂ ಕಟ್ಟುತ್ತದೆ. ಪೇಟೆಯಲ್ಲಿ ದಿನವೂ ನಡೆಯುವ ಒಂದು ಸಣ್ಣ ಕೆಲಸ ಮಾತ್ರ ಅದಕ್ಕೆ ತಿಳಿಯದು. ಅಳತೆ ಮುಗಿದಲ್ಲಿ ಆ ಕೆಲಸ ಶುರು."

ಚಿಕ್ಕೀರ ಬಾಯಿ ತೆರೆಯುವ ಮೊದಲೇ ದೊಡ್ಡೀರ ಮುಂದೆ ನುಗ್ಗಿದ. "ಚೌಕಾಸಿ!"

"ಮಳೆ ಬಂದ ಗಳಿಗೆಗೆ ಆಟೋ ಬಾಡಿಗೆ ಏರಿಸುವುದು ಯಾರು? ಯಂತ್ರವೇ. ಚೌಕಾಸಿಯಲ್ಲಿ ಅದು ನಿನ್ನಪ್ಪ."

ಅಣ್ಣನನ್ನು ಎಳೆದೊಯ್ದರು. ರಾಣಿ ಚಿಕ್ಕೀರನ ಕಡೆ ತಿರುಗಿದಳು. "ನೀನು ಸುಮ್ಮನೆ ಮನೆಗೆ ಹೋಗಬಹುದು. ತಪ್ಪಿದರೆ ಅಣ್ಣನ ಪಕ್ಕ ಇನ್ನೊಂದು ಕುರ್ಚಿ."

"ಸರಿಯಾಗಿ ಹೇಳಿದ್ರೆ ಅಣ್ಣನ್ನ ಬಿಡ್ತೀರಾ?"

"ಅಪ್ಪಣೆಯಲ್ಲಿರುವುದು ಮಳಿಗೆ ಮಾತ್ರ."

ಚಿಕ್ಕೀರ ಬುಟ್ಟಿಯಿಂದ ಮಲ್ಲಿಗೆ ದಂಡೆ ತೆಗೆದ. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ ಹಿಡಿದ. ದಾರ ಕತ್ತರಿಸುವ ಮುಂಚೆ, ದಿನಾ ಮಾಡುವಂತೆ, ಕೈ ನಾಲ್ಕು ಬೆರಳು ಮುಂದೆ ಸರಿಯಿತು.

"ಕೊಸರು, ತಾಯಿ. ಅಳತೆ ಆದ್ಮೇಲೆ ಗಿರಾಕಿ ಕೇಳೋದು, ನಾವು ಕೊಡೋದು. ಯಂತ್ರಕ್ಕೆ ಲೆಕ್ಕ ಮುಗಿದ್ರೆ ವ್ಯವಹಾರ ಮುಗೀತು. ನಮಗೆ ಗಿರಾಕಿ ನಾಳೆಗೂ ಬರಬೇಕಲ್ಲ."

ರಾಣಿ ಮಳಿಗೆಯ ಬೀಗದಕೈ ಕೊಟ್ಟಳು. ಚಿಕ್ಕೀರ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ, ಅಲ್ಲಿಂದ ಕದಲಲಿಲ್ಲ.

"ಇನ್ನೇನು?"

"ಬಹುಮಾನ ಅಳತೆಗೆ ಸರಿಯಾಯ್ತು. ಕೊಸರು?"

ರಾಣಿ ಅವನನ್ನೇ ದಿಟ್ಟಿಸಿದಳು. ಆಮೇಲೆ ತಾನೇ ಫೋನು ಎತ್ತಿ ಕಾಯುವ ಕೋಣೆಯವರೊಂದಿಗೆ ಮಾತಾಡಿದಳು. "ಹಲೋ, ಹೇಳಿ."

ಒಳಗಿದ್ದವರೆಲ್ಲ ಹೊರಗೆ ಬಂದರು. ದೊಡ್ಡೀರನ ಕೈ ಇನ್ನೂ ಕಿವಿಯ ಮೇಲೇ ಇತ್ತು.

ಮರುದಿನ ಹೊಸ ಮಳಿಗೆಯಲ್ಲಿ ಬೋಣಿ ಮಾಡಿದವನು ದೊಡ್ಡೀರನೇ. ಮೊಳ ಹಾಕುವಾಗ ಬೆರಳು ಮಡಿಸಿ ಹೂ ಉಳಿಸುತ್ತಿದ್ದ ಆಸಾಮಿ, ಅಂದು ಕೈ ಪೂರ್ತಿ ಚಾಚಿ, ಮೇಲೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ದಾರ ಕತ್ತರಿಸಿದ.