ಹಸಿ ಮರದ ಆನೆ

ಆಗ ಲೋಕ ಹೊಸದು. ಹೊಳೆಗೆ ತನ್ನ ದಾರಿ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಕಲ್ಲುಗಳನ್ನು ಕೇಳಿಕೊಂಡು ಹರಿಯುತ್ತಿತ್ತು.

ಆ ಹೊಳೆಯ ದಡದ ಕಾಡಿನಲ್ಲಿ ಜಡೆಯ ಎಂಬ ಮುದುಕನಿದ್ದ. ಗೆಣಸು ಅಗೆಯುವುದು ಅವನ ಕೆಲಸ. ಮರದಲ್ಲಿ ಪ್ರಾಣಿ ಕೆತ್ತುವುದು ಅವನ ಖುಷಿ. ಹೊಟ್ಟೆ ತುಂಬಿದ ಮೇಲೆ ಉಳಿ ಹಿಡಿದು ಕೂತನೆಂದರೆ ಮಾತಿಲ್ಲ.

ಅವನು ಕೆತ್ತಿದ್ದನ್ನು ಗಾಳಿ ಬಂದು ಮೂಸಿ ನೋಡುತ್ತಿತ್ತು. ಇಷ್ಟವಾದರೆ ಮೂಗಿಗೆ ಒಂದು ಉಸಿರು ಊದುತ್ತಿತ್ತು. ಬೊಂಬೆ ಎದ್ದು ಓಡುತ್ತಿತ್ತು. ಇಲಿ ಹಾಗೆ ಓಡಿತು. ಮುಂಗುಸಿ ಹಾಗೆ ಓಡಿತು. ಮೊಲವೂ ಹಾಗೇ ಓಡಿತು.

ಕೆತ್ತುವುದಕ್ಕೆ ಜಡೆಯನದು ಒಂದು ಕಟ್ಟುನಿಟ್ಟು. ಮರ ನೆರಳಿನಲ್ಲಿ ಚೆನ್ನಾಗಿ ಒಣಗಬೇಕು. ಅಲ್ಲಿಯವರೆಗೆ ಉಳಿ ಮುಟ್ಟಿಸುವಂತಿಲ್ಲ.

ಒಂದು ಬೆಳಿಗ್ಗೆ ಗಾಳಿ ಬಂತು. "ಜಡೆಯ, ನಾಳೆ ನಾನು ಸಮುದ್ರದ ಕಡೆ ಹೊರಟೆ. ಮತ್ತೆ ಈ ಕಡೆ ಯಾವಾಗಲೋ. ಒಂದೇ ಒಂದು ಉಸಿರು ಉಳಿದಿದೆ. ಏನಾದರೂ ಕೆತ್ತಿದ್ದೀಯಾ?"

"ಇಲ್ಲ" ಎಂದ ಜಡೆಯ.

ಗೆಣಸು ಸುಲಿಯುತ್ತಿದ್ದ ಅವನ ಹೆಂಡತಿ ಕುಂಬವ್ವ ನಕ್ಕಳು. "ಇದ್ದಿದ್ದರೂ ಇನ್ನೊಂದು ಇಲಿ ಇರುತ್ತಿತ್ತು, ಬಿಡು. ಇಷ್ಟು ವರ್ಷ ಕೆತ್ತಿದೆಯಲ್ಲ, ನನ್ನ ಮೊಣಕಾಲಿಗಿಂತ ಎತ್ತರದ್ದು ಒಂದಾದರೂ ಹುಟ್ಟಿತಾ ನಿನ್ನ ಕೈಯಲ್ಲಿ?"

ಜಡೆಯ ಮರ ಕೆತ್ತುವ ಬಾಚಿಯನ್ನು ಹೆಗಲಿಗೇರಿಸಿ ಎದ್ದ. ಹಿಂದಿನ ದಿನವಷ್ಟೇ ದಡದಲ್ಲಿ ಒಂದು ಮತ್ತಿ ಮರ ಉರುಳಿತ್ತು. ಮೂವರು ತಬ್ಬಿದರೂ ಸಿಗದಷ್ಟು ದಪ್ಪ. ಮೊದಲ ಏಟಿಗೇ ನೀರು ಜಿನುಗಿತು.

"ಹಸಿ ಕಣಯ್ಯ ಅದು! ಬಿಸಿಲಿಗೆ ಬಿರಿಯುತ್ತೆ!" ಎಂದು ಕುಂಬವ್ವ ಕೂಗಿದಳು.

"ಗೊತ್ತು."

"ಗೊತ್ತಿದ್ದೂ?"

"ಗೊತ್ತಿದ್ದೂ."

ಕೆತ್ತಿದ. ಕಂಬದಂಥ ಕಾಲು ಬಂತು. ಕಣಜದಂಥ ಹೊಟ್ಟೆ ಬಂತು. ಮೊರದಂಥ ಕಿವಿ, ನೆಲ ಮುಟ್ಟುವ ಸೊಂಡಿಲು. ಮರುದಿನ ಬೆಳಕು ಹರಿಯುವಾಗ ಕಣ್ಣು ಕೆತ್ತಿ ಬಾಚಿ ಕೆಳಗಿಟ್ಟ. "ಇದು ಆನೆ" ಎಂದ.

ಗಾಳಿ ಸುತ್ತ ಒಂದು ಸುತ್ತು ಬಂತು. "ಇಷ್ಟು ದೊಡ್ಡದಕ್ಕೆ ಒಂದು ಉಸಿರು ಸಾಲುತ್ತೋ ಇಲ್ಲವೋ."

"ಸಾಲುತ್ತೆ. ಊದು."

ಗಾಳಿ ಊದಿ ಹೊರಟೇಹೋಯಿತು. ಆನೆ ಎದ್ದು ನಿಂತಿತು. ಕುಂಬವ್ವ ಕತ್ತೆತ್ತಿ ನೋಡಿದಳು.

ಆಮೇಲೆ ಸೂರ್ಯ ಬೆಟ್ಟ ಹತ್ತಿದ.

ಟಪ್.

"ಅಜ್ಜ, ನನ್ನ ಬೆನ್ನ ಮೇಲೆ ಏನೋ ಸದ್ದಾಯಿತು" ಎಂದಿತು ಆನೆ.

ಟಪ್. ಟಪ್. ಬೆನ್ನಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಕಾಲಿಗೆ ಬಿರುಕುಗಳು ಇಳಿದವು. ಇದೇ ರೀತಿ ಮುಂದುವರಿದರೆ ಸಂಜೆಗೆ ಆನೆ ಎರಡು ಹೋಳು. ಊದಲು ಇನ್ನೊಂದು ಉಸಿರಿಲ್ಲ.

ಜಡೆಯ ಮೇಲೆ ನೋಡಿದ. "ಸ್ವಲ್ಪ ಮೋಡದ ಹಿಂದೆ ಹೋಗು."

"ಒಣಗಿಸುವುದು ನನ್ನ ಕೆಲಸ" ಎಂದ ಸೂರ್ಯ. "ಇಲಿಗೊಂದು ಬಿಸಿಲು, ಆನೆಗೊಂದು ಬಿಸಿಲು ನನ್ನ ಹತ್ತಿರ ಇಲ್ಲ."

ಜಡೆಯ ಹೊಳೆಯನ್ನು ಕೇಳಿದ. ಹೊಳೆ ಕೊಟ್ಟಿತು. ಸೋರೆಬುರುಡೆಯಲ್ಲಿ ತಂದು ತಂದು ಸುರಿದ. ನೀರು ಆರಿತು. ಬಿರುಕು ಇನ್ನೂ ಆಳವಾಯಿತು.

"ಅಜ್ಜ, ನಾನು ಸೀಳಿಹೋಗ್ತೀನಾ?"

"ಇಲ್ಲ."

"ಹೇಗೆ ಗೊತ್ತು?"

"ನಾನು ಬಿಡಲ್ಲ."

ಕುಂಬವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬರೀ ನೀರು ಹಾಕಿದರೆ ಏನು ಬಂತು? ಆ ನೀರು ಆರಬಾರದು. ಮೇಲೆ ಮಣ್ಣು ಮೆತ್ತು, ಮುದುಕಪ್ಪ."

ಇಬ್ಬರೂ ಮೆತ್ತಿದರು. ಸದ್ದು ನಿಂತಿತು. ಮಣ್ಣು ಒಣಗಿ ಉದುರಿತು, ಬೆನ್ನು ಮತ್ತೆ ಟಪ್ ಎಂದಿತು. ಮತ್ತೆ ಮೆತ್ತಿದರು. ಮತ್ತೆ ಉದುರಿತು. ಮತ್ತೆ ಮೆತ್ತಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಜಡೆಯನ ಬಲಗೈ ಭುಜದಿಂದ ಮೇಲೆ ಏಳದಾಯಿತು. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ಮೆತ್ತಿದ.

ಆನೆ ಅದನ್ನು ನೋಡಿತು. "ಅಜ್ಜ, ನೀನು ಕೂತ್ಕೋ" ಎಂದಿತು.

ಸೊಂಡಿಲಲ್ಲಿ ಕೆಸರು ಬಾಚಿ ಎಸೆಯಿತು. ಅದು ನೇರ ಜಡೆಯನ ಮುಖಕ್ಕೆ ಬಿತ್ತು. ಕುಂಬವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿನ್ನದೂ ಬಿರಿದ ಮುಖವೇ, ಇರಲಿ ಬಿಡು!"

ಎರಡನೆಯ ಸಲ ಕೆಸರು ಪಕ್ಕದ ಮರಕ್ಕೆ ಬಡಿಯಿತು. ಆನೆ ಹಟ ಬಿಡಲಿಲ್ಲ. ಮತ್ತೊಮ್ಮೆ ಕೆಸರು ಬಾಚಿ ಬೀಸಿತು. ಈ ಸಲ ಬೆನ್ನ ಮೇಲೆಯೇ ಬಿತ್ತು.

"ಮೊದಲು ನೀರು, ಆಮೇಲೆ ಮಣ್ಣು" ಎಂದ ಜಡೆಯ.

"ದಿನಾ?"

"ದಿನಾ."

"ಎಲ್ಲಿಯವರೆಗೆ ಅಜ್ಜ?"

"ಒಳಗಿನ ಮರ ಒಣಗುವವರೆಗೆ."

"ನನ್ನಷ್ಟು ದಪ್ಪದ್ದು ಒಣಗೋಕೆ ಎಷ್ಟು ದಿನ ಬೇಕು?"

ಜಡೆಯ ಅದನ್ನು ಮೇಲಿಂದ ಕೆಳಗೆ ನೋಡಿದ. ಒಂದು ಕೈಯ ಬೆರಳು ಎಣಿಸಿದ. ಇನ್ನೊಂದು ಕೈಯ ಬೆರಳೂ ಎಣಿಸಿದ. ಕಾಲ ಬೆರಳ ಕಡೆ ನೋಡಿ ಎಣಿಕೆ ಬಿಟ್ಟ.

"ಹಚ್ಚಿಕೋ" ಎಂದ.

ಆನೆ ಹಚ್ಚಿಕೊಂಡಿತು. ಅದರ ಮರಿ ನೋಡಿ ಕಲಿಯಿತು, ಮರಿಯ ಮರಿಯೂ ಕಲಿಯಿತು. ಆನೆಯ ಮೈತುಂಬ ಇವತ್ತಿಗೂ ಬಿರುಕು ಇರುವುದು ಅದಕ್ಕೇ ಮಗು. ಹೊಳೆಯಲ್ಲಿ ಚೆನ್ನಾಗಿ ಮಿಂದು ದಡಕ್ಕೆ ಬಂದದ್ದೇ ಅದು ಮೈಮೇಲೆ ಮಣ್ಣು ಎರಚಿಕೊಳ್ಳುವುದೂ ಅದಕ್ಕೇ, ಒಳಗಿನ ಮರ ಇನ್ನೂ ಒಣಗಿಲ್ಲ.