ಕೋವಿಯ ಮೇಲಿನ ನಾಲ್ಕು ಬೆರಳು

ಒಂದು ಕಾಡಿನಲ್ಲಿ ಮೂರು ಹಳೆಯ ಕೋವಿಗಳಿದ್ದವು. ಹೆದರಬೇಡಿ ಮಕ್ಕಳೇ, ಅವುಗಳಲ್ಲಿ ಗುಂಡೂ ಇರಲಿಲ್ಲ, ಮದ್ದೂ ಇರಲಿಲ್ಲ. ಬಹಳ ಹಿಂದೆ ಬೇಟೆಗೆ ಬಂದ ಮೂವರು, ಆನೆಗಳೆಲ್ಲ ಒಟ್ಟಾಗಿ ಎದುರು ನಿಂತದ್ದನ್ನು ಕಂಡು, ಅವನ್ನು ಬಿಸಾಡಿ ಎದ್ದೆನೋ ಬಿದ್ದೆನೋ ಅಂತ ಓಡಿದ್ದರು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಪ್ರಾಣಿಗಳು ಆ ಕೋವಿಗಳನ್ನು ಹೊರಗೆ ತೆಗೆದು, ಮರಿಗಳಿಗೆ ತೋರಿಸಿ, ಆ ದಿನದ ಕಥೆ ಹೇಳುತ್ತಿದ್ದವು.

ಕೋವಿ ಕಾಯುವವನು ಕರಡಿ ಬೊಮ್ಮಣ್ಣ. ಅವನಿಗೆ ಆ ಕೆಲಸವೆಂದರೆ ಪ್ರಾಣ. ಮಳೆ ಹಿಡಿಯುವ ಮೊದಲು ಕೈಗೆ ಬಟ್ಟೆ ಸುತ್ತಿಕೊಂಡು ಒಂದೊಂದನ್ನೂ ಒರೆಸುವನು. ಜೇನುಮೇಣವನ್ನು ಎಳ್ಳೆಣ್ಣೆಯಲ್ಲಿ ಬೆರೆಸಿ, ಬಿಸಿಲಿಗಿಟ್ಟು ಕರಗಿಸಿ, ನಳಿಗೆಯ ಒಳಗೂ ಹೊರಗೂ ತೆಳ್ಳಗೆ ಸವರುವನು. ಒಣ ಹತ್ತಿಬಟ್ಟೆ ಸುತ್ತಿ ಗುಹೆಯೊಳಗಿನ ಅಟ್ಟದ ಮೇಲಿಡುವನು. ಆಮೇಲೆ ಮಳೆಗಾಲ ಮುಗಿಯುವ ತನಕ ಬಿಚ್ಚುವಂತಿಲ್ಲ. ಬಿಚ್ಚಿದರೆ ತೇವ ತಗುಲಿ ತುಕ್ಕು ಹಿಡಿಯುತ್ತದಲ್ಲ!

ಒಂದು ವರ್ಷ ಮೊದಲ ಮಳೆಗೇ ನರಿ ಸಿಂಗಣ್ಣ ನಡುಗುತ್ತಾ ಬಂದ.

"ಬೊಮ್ಮಣ್ಣಾ, ನನ್ನ ಬಿಲಕ್ಕೆ ನೀರು ನುಗ್ಗಿದೆ. ಎರಡು ದಿನ ಇಲ್ಲಿರ್ಲಾ?"

"ಇರಪ್ಪ, ಅದಕ್ಕೇನು! ಆದ್ರೆ ಅಟ್ಟಕ್ಕೆ ಮಾತ್ರ ಕೈ ಹಾಕ್ಬೇಡ. ಬರಿಗೈಲಿ ಮುಟ್ಟಿದ್ರೆ ಮುಟ್ಟಿದ ಜಾಗಕ್ಕೇ ತುಕ್ಕು ಬರುತ್ತೆ."

"ಅಯ್ಯೋ, ನಂಗ್ಯಾಕಪ್ಪ ಆ ಕಬ್ಬಿಣದ ಸಹವಾಸ!" ಅಂದ ನರಿ.

ಮಾರನೆಯ ದಿನ ಬೊಮ್ಮಣ್ಣ ಗೆಡ್ಡೆ ಅಗೆಯಲು ಹೋದ. ಜೇನುಮೇಣದ ಘಮ ನರಿಯ ಮೂಗಿಗೆ ಬಡಿಯಿತು. ತಡೆಯಲಾಗಲಿಲ್ಲ. ಅಟ್ಟಕ್ಕೆ ನೆಗೆದು, ಉದ್ದನೆಯ ಕೋವಿಯ ಬಟ್ಟೆ ಬಿಚ್ಚಿದ. ಒದ್ದೆ ಕಾಲಿನಲ್ಲಿ ದಪ್ಪ ನಳಿಗೆಯನ್ನು ಒತ್ತಿ ಹಿಡಿದು, ತುದಿಯನ್ನು ಲೊಚಲೊಚ ನೆಕ್ಕಿದ್ದೇ ನೆಕ್ಕಿದ್ದು! ಆಮೇಲೆ ಬಟ್ಟೆಯನ್ನು ಮೊದಲಿನ ಹಾಗೇ ಸುತ್ತಿಟ್ಟು, ಏನೂ ಅರಿಯದವನಂತೆ ಮಲಗಿದ.

ಮಳೆಗಾಲ ಮುಗಿಯಿತು. ಕಾಡೆಲ್ಲ ಸೇರಿತು. ಎಲ್ಲರಿಗಿಂತ ಹಿರಿಯಳಾದ ಆನೆ ದ್ಯಾಮಜ್ಜಿ ಸೊಂಡಿಲಿನಿಂದ ಬಟ್ಟೆ ಬಿಚ್ಚಿದಳು. ಎರಡು ಕೋವಿ ಥಳಥಳ ಹೊಳೆದವು. ಮೂರನೆಯದರ ತುದಿ ಇಟ್ಟಿಗೆಯಂತೆ ಕೆಂಪಾಗಿತ್ತು.

"ನೋಡಿದ್ರಾ!" ಅಂತ ನರಿ ಮುಂದೆ ಹಾರಿದ. "ಜೇನಂದ್ರೆ ಬಾಯಿ ಬಿಡೋ ಕರಡಿಗೆ ಮೇಣ ಕೊಟ್ರೆ ಇನ್ನೇನಾಗುತ್ತೆ? ಎಲ್ಲಾ ನೆಕ್ಕಿದ್ದಾನೆ. ಇವನನ್ನು ಕಾವಲಿನಿಂದ ಬಿಡಿಸಿ, ಆ ಕೆಲಸ ನನಗೆ ಕೊಡಿ."

"ಹೌದಲ್ವಾ..." ಅಂತ ಮಂಗಗಳು ಗುಸುಗುಸು ಶುರುಮಾಡಿದವು. ಬೊಮ್ಮಣ್ಣ ದ್ಯಾಮಜ್ಜಿಯ ಮುಂದೆ ಬಂದು ನಿಂತ. ಅಪ್ಪ ಮಾಡಿಕೊಂಡು ಬಂದ ಕೆಲಸ, ಕಳ್ಳ ಅನ್ನಿಸಿಕೊಂಡು ಬಿಡಬೇಕಲ್ಲ!

"ಅಜ್ಜೀ, ನಾನಲ್ಲ" ಅಂದ.

ದ್ಯಾಮಜ್ಜಿ ಕೋವಿಯನ್ನು ಬಿಸಿಲಿಗೆ ಹಿಡಿದು ನೋಡಿದಳು. ನಳಿಗೆಯ ನಡುವೆ ಮೇಣ ಹಾಗೇ ಹೊಳೆಯುತ್ತಿತ್ತು. ಅದರ ಮಧ್ಯೆ ಒಂದು ಹೆಜ್ಜೆಗುರುತು ತುಕ್ಕಿನಲ್ಲಿ ಅಚ್ಚಾಗಿ ಮೂಡಿತ್ತು.

"ಒಂದು, ಎರಡು, ಮೂರು, ನಾಲ್ಕು ಬೆರಳು" ಎಂದು ಎಣಿಸಿದಳು. "ಬೊಮ್ಮಣ್ಣ, ಕೆಸರಿನಲ್ಲಿ ಕಾಲೂರಪ್ಪ."

ಐದು ಬೆರಳು ಮೂಡಿದವು.

"ಗುಹೆಗೆ ಯಾರು ಬಂದಿದ್ರು?"

"ಸಿಂಗಣ್ಣ ಒಬ್ಬನೇ ಅಜ್ಜಿ."

"ಸಿಂಗಣ್ಣಾ, ಈಗ ನೀನೂ ಕಾಲೂರು."

"ನ... ನನ್ನ ಕಾಲು ಉಳುಕಿದೆ ಅಜ್ಜೀ!"

ದ್ಯಾಮಜ್ಜಿ ಬಿಡುತ್ತಾಳೆಯೇ? ಸೊಂಡಿಲಿನಿಂದ ಅವನನ್ನೆತ್ತಿ ಕೆಸರಿನಲ್ಲಿ ನಿಲ್ಲಿಸಿದಳು. ನಾಲ್ಕೇ ಬೆರಳು! ಕಾಡೆಲ್ಲ ಹೋ ಎಂದು ನಕ್ಕಿತು. ಮಂಗಗಳು ಕಿವಿ ಹಿಡಿದುಕೊಂಡು ಬೊಮ್ಮಣ್ಣನ ಕ್ಷಮೆ ಕೇಳಿದವು.

ಅಂದಿನಿಂದ ತುಕ್ಕು ಉಜ್ಜುವ ಕೆಲಸ ನರಿಯದು. ಬೂದಿ, ತೆಂಗಿನ ನಾರು ಹಿಡಿದು ಉಜ್ಜಿ ಉಜ್ಜಿ ಅವನ ತೋಳು ಬಿದ್ದುಹೋಯಿತು. ಬೊಮ್ಮಣ್ಣ ಹೊಸ ಮೇಣದ ಕುಡಿಕೆ ತಂದು ಮುಂದಿಟ್ಟ.

"ಈ ಸಲ ಬೇವಿನೆಣ್ಣೆ ಬೆರೆಸಿದ್ದೀನಿ ಸಿಂಗಣ್ಣ. ಬೇಕಾದ್ರೆ ನೆಕ್ಕು!"

ತುದಿಯ ತುಕ್ಕು ಹೋಯಿತು. ಆದರೆ ಆ ನಾಲ್ಕು ಬೆರಳಿನ ಗುರುತು ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ. ಈಗ ಪ್ರತಿ ವರ್ಷ ಮರಿಗಳಿಗೆ ಎರಡು ಕಥೆ ಹೇಳುತ್ತಾರೆ. ಎರಡನೆಯದು ಶುರುವಾದ ಕೂಡಲೇ ಸಿಂಗಣ್ಣ ಮೆಲ್ಲಗೆ ಎದ್ದು ಹೋಗುತ್ತಾನೆ.

ನೀತಿ: ನಂಬಿ ಜಾಗ ಕೊಟ್ಟವರಿಗೆ ದ್ರೋಹ ಮಾಡಿ, ತಪ್ಪನ್ನು ಅವರ ಮೇಲೇ ಹೊರಿಸಿದರೆ, ಮುಚ್ಚಿಟ್ಟ ಆ ತಪ್ಪು ಒಂದು ದಿನ ತಾನಾಗಿಯೇ ಬಯಲಾಗುತ್ತದೆ.